ಕೊಂಬಿನ ಟೋಪಿಯ ಚಾನ್ಸ್‌ಲಿ: ತಪ್ಪೊಪ್ಪಿಗೆಯಿಂದ ಕ್ಷಮಾದಾನದವರೆಗೆ

ಮೈಮೇಲೆ ಅಂಗಿಯಿಲ್ಲ. ತಲೆಯ ಮೇಲೆ ಕೊಂಬುಳ್ಳ ತುಪ್ಪಳದ ಟೋಪಿ, ಮುಖಕ್ಕೆ ಕೆಂಪು, ಬಿಳಿ, ನೀಲಿ ಬಣ್ಣ, ಕೈಯಲ್ಲಿ ರಾಷ್ಟ್ರಧ್ವಜ ಕಟ್ಟಿದ ಈಟಿ. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ನುಗ್ಗಿದ ಸಾವಿರಾರು ಮಂದಿಯಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಈ ವೇಷವನ್ನು. ವೇಷಧಾರಿ ಜೇಕಬ್ ಚಾನ್ಸ್‌ಲಿ, ಅರಿಜೋನಾದ ಫೀನಿಕ್ಸ್‌ನವನು. ಹಿಂದೆ ಅಮೆರಿಕದ ನೌಕಾಪಡೆಯಲ್ಲಿದ್ದವನು. ಕ್ಯೂಅನಾನ್ ಎಂಬ ಪಿತೂರಿ ಕಥನದ ಅನುಯಾಯಿಗಳ ನಡುವೆ 'ಶಾಮನ್', ಅಂದರೆ ಮಾಂತ್ರಿಕ, ಎಂದೇ ಪರಿಚಿತ.

2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜೋ ಬೈಡನ್ ಗಳಿಸಿದ ಗೆಲುವನ್ನು ಕಾಂಗ್ರೆಸ್ಸಿನ ಜಂಟಿ ಅಧಿವೇಶನ ಅಂದು ದೃಢೀಕರಿಸಬೇಕಿತ್ತು. ಚುನಾವಣೆಯಲ್ಲಿ ಅಕ್ರಮ ನಡೆದಿದೆ ಎಂಬುದು ಪರಾಭವಗೊಂಡ ಡೊನಾಲ್ಡ್ ಟ್ರಂಪ್ ಬೆಂಬಲಿಗರ ದೂರು. ಸದಸ್ಯರು ಸುರಕ್ಷಿತ ಸ್ಥಳಕ್ಕೆ ತೆರಳಿದ ಬಳಿಕ ಚಾನ್ಸ್‌ಲಿ ಸೆನೆಟ್ ಸಭಾಂಗಣದ ವೇದಿಕೆಯೇರಿ, ಉಪಾಧ್ಯಕ್ಷ ಮೈಕ್ ಪೆನ್ಸ್ ಅವರ ಸ್ಥಾನದಲ್ಲಿ ಬೆದರಿಕೆಯ ಧಾಟಿಯ ಚೀಟಿಯೊಂದನ್ನು ಬರೆದಿಟ್ಟ.

ಮೂರು ದಿನಗಳಲ್ಲಿ ಬಂಧನವಾಯಿತು. ಹೊರಿಸಲಾದ ಆರು ಆರೋಪಗಳಲ್ಲಿ ಪೊಲೀಸರ ಮೇಲಿನ ಹಲ್ಲೆ ಇರಲಿಲ್ಲ ಎಂಬುದು ಗಮನಾರ್ಹ. ಸೆರೆಮನೆಯಲ್ಲಿ ಸಾವಯವ ಆಹಾರವೇ ಬೇಕೆಂದು ಹಟ ಹಿಡಿದು, ನ್ಯಾಯಾಲಯದ ಆದೇಶದಿಂದ ಅದನ್ನು ಪಡೆದದ್ದೂ ಸುದ್ದಿಯಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಅಧಿಕೃತ ಕಲಾಪಕ್ಕೆ ಅಡ್ಡಿಪಡಿಸಿದ ಒಂದೇ ಅಪರಾಧವನ್ನು ಆತ ಒಪ್ಪಿಕೊಂಡ. ಸರಕಾರ 51 ತಿಂಗಳ ಶಿಕ್ಷೆ ಕೋರಿತ್ತು. ನವೆಂಬರ್ 17ರಂದು ನ್ಯಾಯಾಧೀಶ ರಾಯ್ಸ್ ಲ್ಯಾಂಬರ್ತ್ 41 ತಿಂಗಳು ವಿಧಿಸಿದರು. 2023ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು.

ಅದೇ ವರ್ಷದ ಮಾರ್ಚ್‌ನಲ್ಲಿ, ಪೊಲೀಸರು ಆತನೊಂದಿಗೆ ಶಾಂತವಾಗಿ ನಡೆದಾಡುತ್ತಿರುವ ದೃಶ್ಯಗಳು ಟೀವಿಯಲ್ಲಿ ಪ್ರಸಾರವಾಗಿದ್ದವು. ಅದನ್ನೇ ಹಿಡಿದು ಶಿಕ್ಷೆ ರದ್ದುಪಡಿಸುವಂತೆ ಕೋರಿದಾಗ ಲ್ಯಾಂಬರ್ತ್ ಜುಲೈನಲ್ಲಿ ನಿರಾಕರಿಸಿದರು. ಆದರೆ ಪ್ರಕರಣದ ಬುಡ ಅಲುಗಿದ್ದು ಬೇರೆಡೆ. ಎನ್ರಾನ್ ಹಗರಣದ ಹಿನ್ನೆಲೆಯಲ್ಲಿ 2002ರಲ್ಲಿ ಬಂದ ಆ ಕಾನೂನು ದಾಖಲೆ ಮುಂತಾದ ಸಾಕ್ಷ್ಯವಸ್ತುಗಳಿಗೆ ಧಕ್ಕೆ ತರುವ, ಅಥವಾ ಹಾಗೆ ಯತ್ನಿಸುವ ಕೃತ್ಯಗಳಿಗಷ್ಟೇ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಇನ್ನೊಬ್ಬ ಆರೋಪಿಯ ಪ್ರಕರಣದಲ್ಲಿ 2024ರ ಜೂನ್ 28ರಂದು ಹೇಳಿತು. ಅಷ್ಟರಲ್ಲಿ ಚಾನ್ಸ್‌ಲಿ ಸೆರೆವಾಸ ಮುಗಿಸಿಯಾಗಿತ್ತು.

2025ರ ಜನವರಿ 20ರಂದು ಮತ್ತೆ ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು. 14 ಮಂದಿಯ ಶಿಕ್ಷೆಯನ್ನಷ್ಟೇ ಮೊಟಕುಗೊಳಿಸಿದರು. ಭಾರತದಲ್ಲಿ ರಾಷ್ಟ್ರಪತಿ ಈ ಅಧಿಕಾರವನ್ನು ಸಚಿವ ಸಂಪುಟದ ಸಲಹೆಯಂತೆ ಚಲಾಯಿಸಬೇಕು. ಅಲ್ಲಿ ಅಧ್ಯಕ್ಷರ ಸಹಿಯೊಂದೇ ಸಾಕು. ಆದರೆ ಕ್ಷಮಾದಾನ ಖುಲಾಸೆಯಲ್ಲ. ಅದನ್ನು ಸ್ವೀಕರಿಸುವುದೆಂದರೆ ತಪ್ಪನ್ನು ಒಪ್ಪಿದಂತೆ ಎಂಬರ್ಥದ ಮಾತನ್ನು ಅಲ್ಲಿನ ಸುಪ್ರೀಂ ಕೋರ್ಟ್ 1915ರಲ್ಲೇ ಆಡಿದೆ, ಅದರ ತೂಕವೆಷ್ಟೆಂಬ ಚರ್ಚೆ ಮುಗಿದಿಲ್ಲವಾದರೂ. ಅಂದಿನ ದಾಳಿಗಾಗಿ 60 ದಿನ ಸೆರೆಯಲ್ಲಿದ್ದ ಇಡಾಹೊದ ಮಹಿಳೆಯೊಬ್ಬರು, ಪೊಲೀಸರಿಗೆ ಅವಮಾನವಾಗುತ್ತದೆಂದು ಕ್ಷಮಾದಾನವನ್ನೇ ತಿರಸ್ಕರಿಸಿದರು. ಚಾನ್ಸ್‌ಲಿಗೆ ಅಂಥ ಅಳುಕಿರಲಿಲ್ಲ. ಶಿಕ್ಷಿತನಾಗಿ ಕಳೆದುಕೊಂಡಿದ್ದ ಬಂದೂಕು ಹೊಂದುವ ಹಕ್ಕು ಮರಳಿತ್ತು. ಇನ್ನು ಬಂದೂಕು ಕೊಳ್ಳುವೆನೆಂದು ಆತ ಅದೇ ದಿನ ಸಂಭ್ರಮದಿಂದ ಸಾರಿಕೊಂಡ.