ಅಜಮಿ ಹುಡುಗರು ಕಟ್ಟಿದ ಗುಮ್ಮಟ

ಸಿವಿಲ್ ಇಂಜಿನಿಯರಿಂಗ್ ಓದುವ ಮಕ್ಕಳು ಈಗ ಕೆಲವು ವಾರ ಕಟ್ಟಡದ ಸೈಟಿನಲ್ಲಿ ದುಡಿದು, ಇಂಟರ್ನ್‌ಶಿಪ್ ಮುಗಿಸಿದ ಸರ್ಟಿಫಿಕೇಟು ಹಿಡಿದು ಮನೆಗೆ ಬರುತ್ತಾರೆ. ಹೆಸರು ಹೊಸದು, ಪದ್ಧತಿ ಬಹಳ ಹಳೆಯದು. ಗಾರೆ ಕಲಸುತ್ತಾ, ಕಲ್ಲು ಹೊರುತ್ತಾ ಕಟ್ಟಡ ವಿದ್ಯೆ ಕಲಿತ ಹುಡುಗರ ಕಥೆಯನ್ನು ಹದಿನಾರನೆಯ ಶತಮಾನದ ಇಸ್ತಾಂಬುಲ್ ಲೆಕ್ಕಪತ್ರ ಸಹಿತ ಉಳಿಸಿಕೊಂಡಿದೆ.

ಇಸ್ಲಾಮೀ ನಾಗರಿಕತೆಯ ಹೆಮ್ಮೆಯ ಮಾತು ಬಂದಾಗ ನಮ್ಮ ವೇದಿಕೆಗಳಲ್ಲಿ ಮಿಮಾರ್ ಸಿನಾನ್ ಎಂಬ ಹೆಸರು ಬಂದೇ ಬರುತ್ತದೆ. ಆತ ಕಟ್ಟಿದ ಮಸೀದಿ, ಮದ್ರಸ, ಸೇತುವೆ, ಹಮಾಮುಗಳ ಪಟ್ಟಿ ಓದಿ ಚಪ್ಪಾಳೆ ಗಿಟ್ಟಿಸುತ್ತೇವೆ. ಆತ ಕೆಲಸ ಕಲಿತದ್ದು ಹೇಗೆ, ಆತನ ಕಟ್ಟಡಗಳಿಗೆ ಕಲ್ಲು ಹೊತ್ತವರು ಯಾರು ಎಂಬಲ್ಲಿಗೆ ಬಂದಾಗ ಮಾತ್ರ ಭಾಷಣ ಮುಗಿದಿರುತ್ತದೆ. ಅಲ್ಲೊಂದು ಕಹಿ ಸಂಗತಿ ಇದೆ.

ಸಿನಾನ್ ಹುಟ್ಟಿದ್ದು ಅನತೋಲಿಯಾದ ಕೈಸೇರಿ ಬಳಿಯ ಆಗಿರ್ನಾಸ್ ಎಂಬ ಹಳ್ಳಿಯ ಕ್ರೈಸ್ತ ಕುಟುಂಬದಲ್ಲಿ. 1512ರ ಸುಮಾರಿಗೆ, ಒಂದನೆಯ ಸಲೀಮನ ಕಾಲದಲ್ಲಿ, ಆತನನ್ನು 'ದೇವ್‌ಶಿರ್ಮೆ'ಯಲ್ಲಿ ಇಸ್ತಾಂಬುಲ್‌ಗೆ ಕರೆದೊಯ್ದರು. ದೇವ್‌ಶಿರ್ಮೆ ಎಂದರೆ ಆಯ್ದು ತರುವುದು. ಕೆಲವು ವರ್ಷಗಳಿಗೊಮ್ಮೆ ಸುಲ್ತಾನನ ಅಧಿಕಾರಿಗಳು ಕ್ರೈಸ್ತ ಹಳ್ಳಿಗಳಿಗೆ ಬಂದು ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿಕೊಳ್ಳುತ್ತಿದ್ದರು. ಆ ಹುಡುಗರು ಮುಸ್ಲಿಮರಾಗಿ, ಸುಲ್ತಾನನ ಸೇವಕರಾಗಿ ಬೆಳೆಯಬೇಕು. ರಕ್ಷಣೆಯ ವಾಗ್ದಾನ ಪಡೆದ ಜಿಮ್ಮಿಗಳ ಮಕ್ಕಳನ್ನು ಹೀಗೆ ಎಳೆದೊಯ್ಯುವುದು ಶರೀಅತ್ತಿಗೆ ಹೊಂದುವ ಮಾತಲ್ಲ. ಆದರೂ ಪದ್ಧತಿ ಶತಮಾನಗಳ ಕಾಲ ನಡೆಯಿತು. ಹೀಗೆ ಬಂದವರಲ್ಲಿ ಕೆಲವರು ಪಾಷಾಗಳಾದರು, ವಜೀರರಾದರು ಎಂದು ಸಮರ್ಥಿಸುವವರಿದ್ದಾರೆ. ಸೊಕುಲ್ಲು ಮೆಹ್ಮದ್ ಪಾಷಾ ಪ್ರಧಾನ ವಜೀರನಾದದ್ದು ನಿಜ. ಬೋಸ್ನಿಯಾದ ಮುಸ್ಲಿಮರು ತಮ್ಮ ಮಕ್ಕಳನ್ನೂ ಈ ಸೇವೆಗೆ ಸೇರಿಸಿದ್ದೂ ನಿಜ. ಆದರೆ ವಜೀರನಾದವನನ್ನು ತೋರಿಸಿ, ಬಾಗಿಲಲ್ಲಿ ನಿಂತು ಅತ್ತ ತಾಯಂದಿರ ಬಾಯಿ ಮುಚ್ಚಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಈ ಹುಡುಗರಿಗೆ 'ಅಜಮಿ ಓಗ್ಲಾನ್' ಎಂದು ಹೆಸರು. ಉರ್ದು ಬಲ್ಲವರಿಗೆ ಅಜಮ್ ಗೊತ್ತು: ಅರಬನಲ್ಲದವನು, ನಮ್ಮ ನುಡಿ ಬಾರದವನು. ತುರ್ಕಿಯಲ್ಲಿ ಅದೇ ಪದ ಕೆಲಸ ಬಾರದವನು, ಹೊಸಬ ಎಂಬ ಅರ್ಥ ಪಡೆಯಿತು. ಅನೇಕರನ್ನು ಮೊದಲು ಕೆಲವು ವರ್ಷ ತುರ್ಕಿ ರೈತರ ಮನೆಗಳಲ್ಲಿ ಬಿಡುತ್ತಿದ್ದರು. ಹೊಲ ಉಳಬೇಕು, ಭಾಷೆ ಕಲಿಯಬೇಕು, ನಮಾಜು ಕಲಿಯಬೇಕು. ಆಮೇಲೆ ಇಸ್ತಾಂಬುಲ್‌ಗೆ ಕರೆತಂದು ಅರಮನೆಯ ತೋಟಕ್ಕೆ, ಹಡಗಿಗೆ ಅಥವಾ ಕಟ್ಟಡದ ಕೆಲಸಕ್ಕೆ ಹಚ್ಚುತ್ತಿದ್ದರು. ಅಲ್ಲಿ ಪಳಗಿದ ಮೇಲೆಯೇ ಜಾನಿಸರಿ ಸೈನ್ಯ. ಸಿನಾನ್ ಬಡಗಿ ಕೆಲಸ ಹಿಡಿದದ್ದು ಈ ಹಂತದಲ್ಲಿ. ಮುಪ್ಪಿನಲ್ಲಿ ಕವಿ ಸಾಯಿ ಮುಸ್ತಫಾ ಚೆಲೆಬಿಯಿಂದ ಬರೆಸಿದ ಜೀವನವೃತ್ತಾಂತದಲ್ಲಿ ಆತನೇ ಇದನ್ನು ನೆನೆದಿದ್ದಾನೆ. ನಂತರ ದಂಡಿನೊಡನೆ ಬೆಲ್‌ಗ್ರೇಡ್, ರೋಡ್ಸ್, ಮೊಹಾಚ್ ಸುತ್ತಿದ. 1538ರಲ್ಲಿ ಪ್ರುತ್ ನದಿಯ ಕೆಸರು ದಂಡೆಯಲ್ಲಿ 13 ದಿನಗಳಲ್ಲಿ ಸೈನ್ಯ ದಾಟುವ ಸೇತುವೆ ನಿಲ್ಲಿಸಿ ಹೆಸರು ಮಾಡಿದ. ಮರುವರ್ಷ ಪ್ರಧಾನ ಶಿಲ್ಪಿಯ ಹುದ್ದೆ ಬಂತು. ಆಗ ವಯಸ್ಸು ಐವತ್ತರ ಹತ್ತಿರ.

ಹುದ್ದೆ ಬಂದ ಮೇಲೆ 1543ರಿಂದ 1548ರ ನಡುವೆ ಕಟ್ಟಿದ ಶೆಹ್‌ಜಾದೆ ಮಸೀದಿಯನ್ನು ಆತ ತನ್ನ ಶಾಗಿರ್ದಿಯ ಕೆಲಸ ಎಂದನಂತೆ. ಸುಲೈಮಾನಿಯಾ ನಡುಹಂತದ್ದು. ಎಂಬತ್ತು ದಾಟುವ ಹೊತ್ತಿಗೆ ಎದಿರ್ನೆಯಲ್ಲಿ ಎದ್ದುನಿಂತ, 31 ಮೀಟರ್ ಮೀರಿದ ಗುಮ್ಮಟದ ಸಲೀಮಿಯಾ ಮಾತ್ರ ಉಸ್ತಾದನ ಕೆಲಸ. ಈ ಮೂರು ಮೆಟ್ಟಿಲುಗಳಿಗೆ ತುರ್ಕಿಯಲ್ಲಿ ಚಿರಾಕ್, ಕಲ್ಫಾ, ಉಸ್ತಾ ಎನ್ನುತ್ತಾರೆ. ಉಸ್ತಾ ನಮ್ಮ ಉಸ್ತಾದನೇ. ಕಲ್ಫಾ ಎಂದರೆ ಖಲೀಫಾ, ಉಸ್ತಾದನ ಬದಲಿಗೆ ನಿಲ್ಲಬಲ್ಲವನು. ಚಿರಾಕ್ ಪರ್ಶಿಯನ್ ಚಿರಾಗ್‌ನಿಂದ ಬಂದದ್ದು: ಇನ್ನೊಂದು ದೀಪದಿಂದ ಹೊತ್ತಿಸಿಕೊಳ್ಳುವ ದೀಪ. (ನಮ್ಮ ಮೇಸ್ತ್ರಿ ಪೋರ್ಚುಗೀಸರ ಕೊಡುಗೆ, ಅದರಲ್ಲಿ ಈ ಬೆಳಕಿಲ್ಲ.)

ಸುಲೈಮಾನಿಯಾದ ಕೆಲಸ 1550ರಿಂದ 1557ರವರೆಗೆ ನಡೆಯಿತು. ಅದರ ದಿನಗೂಲಿಯ ದಫ್ತರಗಳು ಉಳಿದಿವೆ. ತುರ್ಕಿಯ ಇತಿಹಾಸಕಾರ ಒಮರ್ ಲುತ್ಫಿ ಬರ್ಕಾನ್ ಅವುಗಳನ್ನು ಓದಿ 1970ರ ದಶಕದಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಎಷ್ಟೋ ಪ್ರಶಸ್ತಿಪದ್ಯಗಳಿಗಿಂತ ಈ ಕೂಲಿ ಲೆಕ್ಕ ಹೆಚ್ಚು ಬೆಲೆಯದ್ದು. ಅಲ್ಲಿ ಸುಮಾರು 3,500 ಕುಶಲಕರ್ಮಿಗಳಿದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಕ್ರೈಸ್ತರು, ಅರ್ಧ ಮುಸ್ಲಿಮರು. ಒಟ್ಟು ದುಡಿಮೆಯ ದಿನಗಳಲ್ಲಿ ಸುಮಾರು ಶೇಕಡಾ 55 ಕೂಲಿ ಪಡೆದ ಸ್ವತಂತ್ರ ಕೆಲಸಗಾರರದ್ದು, ಶೇಕಡಾ 5 ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದ ಗುಲಾಮರದ್ದು. ಉಳಿದ ಶೇಕಡಾ 40 ಅಜಮಿ ಹುಡುಗರದ್ದು. ಅಂದರೆ ಹತ್ತು ದಿನದ ಕೆಲಸದಲ್ಲಿ ನಾಲ್ಕು ದಿನ, ಇನ್ನೂ ಕೆಲಸ ಕಲಿಯುತ್ತಿದ್ದ, ತಂದೆತಾಯಿಯಿಂದ ದೂರವಾದ ಹುಡುಗರ ಬೆವರು. ಅವರಿಗೆ ಸಿಕ್ಕಿದ್ದು ಸ್ವತಂತ್ರ ಕಲ್ಲುಕುಟಿಗನ ಕೂಲಿಗಿಂತ ಬಹಳ ಕಡಿಮೆ. ತರಬೇತಿ ಎಂಬ ಹೆಸರಿನಲ್ಲಿ ಅಗ್ಗದ ದುಡಿಮೆ ಪಡೆಯುವ ಜಾಣತನವನ್ನು ನಮ್ಮ ಕಾಲದ ಕಂಟ್ರಾಕ್ಟರುಗಳು ಕಂಡುಹಿಡಿದದ್ದೇನಲ್ಲ.

ಕಲಿಕೆಯೇ ಸುಳ್ಳು ಎನ್ನುವಂತೆಯೂ ಇಲ್ಲ. ಅದೇ ದಾರಿಯಲ್ಲಿ ಬಂದ ಮೆಹ್ಮದ್ ಎಂಬ ಹುಡುಗ ಅರಮನೆಯ ತೋಟದಲ್ಲಿದ್ದು, ಮೊದಲು ಸಂಗೀತಕ್ಕೆ ಮನಸೋತ. ಆಮೇಲೆ ಅದನ್ನು ಬಿಟ್ಟು ಮುತ್ತಿನ ಚಿಪ್ಪನ್ನು ಮರದಲ್ಲಿ ಕೂರಿಸುವ ಕೆಲಸಕ್ಕೆ ಸೇರಿದ. ಚಿಪ್ಪಿನ ಚೂರುಗಳನ್ನು ರೇಖಾಗಣಿತದ ಲೆಕ್ಕಕ್ಕೆ ಜೋಡಿಸುತ್ತಲೇ ಸಿನಾನನ ಬಳಿ ಕಟ್ಟಡ ವಿದ್ಯೆ ಕಲಿತ. ಒಂದೆರಡು ವರ್ಷವಲ್ಲ, ಸುಮಾರು ಇಪ್ಪತ್ತು ವರ್ಷ. 1606ರಲ್ಲಿ ಆತ ಪ್ರಧಾನ ಶಿಲ್ಪಿಯಾದ. ಇಂದು ಪ್ರವಾಸಿಗರು ನೀಲಿ ಮಸೀದಿ ಎಂದು ಕರೆಯುವ ಸುಲ್ತಾನ್ ಅಹ್ಮದ್ ಮಸೀದಿಯನ್ನು 1609ರಲ್ಲಿ ಆರಂಭಿಸಿದ. ದೊಡ್ಡ ಶಿಲ್ಪಿಯಾದ ಮೇಲೂ ಹೆಸರಿನ ಹಿಂದೆ 'ಸೆದೆಫ್‌ಕಾರ್', ಅಂದರೆ ಚಿಪ್ಪಿನ ಕೆಲಸದವ, ಎಂಬುದು ಉಳಿಯಿತು. ಜಾಫರ್ ಎಫೆಂದಿ 1614ರಲ್ಲಿ ಬರೆದ ಆತನ ಚರಿತ್ರೆ ಇಲ್ಲದಿದ್ದರೆ ಇಷ್ಟು ವಿವರ ನಮಗೆ ದೊರೆಯುತ್ತಿರಲಿಲ್ಲ. ಆತನ ಜೊತೆಯಲ್ಲೇ ಕಲ್ಲು ಹೊತ್ತು, ಸಿಪಾಯಿಯಾಗಿ ಎಲ್ಲೋ ಗಡಿಯಲ್ಲಿ ಸತ್ತ ಹುಡುಗರಿಗೆ ಯಾವ ಜಾಫರ್ ಎಫೆಂದಿಯೂ ಸಿಗಲಿಲ್ಲ.

ಇಷ್ಟೆಲ್ಲ ಆದ ಮೇಲೂ ಸಿನಾನ್ ತನ್ನ ಹಳ್ಳಿಯನ್ನು ಮರೆತಿರಲಿಲ್ಲ. 1571ರಲ್ಲಿ ಸೈಪ್ರಸ್ ಗೆದ್ದ ಬಳಿಕ, ಅಲ್ಲಿ ಜನವಸತಿ ಬೆಳೆಸಲು ಅನತೋಲಿಯಾದ ಕುಟುಂಬಗಳನ್ನು ಸಾಗಿಸುವ ಆಜ್ಞೆ ಹೊರಟಿತು. ಕೈಸೇರಿ ಪ್ರದೇಶವೂ ಪಟ್ಟಿಯಲ್ಲಿತ್ತು. ಆಗಿರ್ನಾಸ್‌ನಲ್ಲಿ ಆತನ ಕ್ರೈಸ್ತ ಬಂಧುಗಳು ಇನ್ನೂ ಇದ್ದರು. ಅವರನ್ನು ಎಬ್ಬಿಸಬಾರದೆಂದು ಮುದುಕ ಸಿನಾನ್ ಸುಲ್ತಾನನಿಗೆ ಅರ್ಜಿ ಹಾಕಿಕೊಂಡ. ಊರು ಬಿಟ್ಟು ಆಗ ಅರವತ್ತು ವರ್ಷ ಕಳೆದಿತ್ತು. 1573ರಲ್ಲಿ ಹೊರಟ ಫರ್ಮಾನು ಅವರನ್ನು ಅಲ್ಲಿಯೇ ಉಳಿಯಗೊಟ್ಟಿತು.