ಕನ್ನಡಿ ಗೋಡೆಯ ಮೇಲೆ ಪ್ರವಾಸಿಗರ ಹಸ್ತಾಕ್ಷರ

ಐತಿಹಾಸಿಕ ಸ್ಥಳಗಳನ್ನು ನೋಡಲು ಹೋದವರು ಅಲ್ಲಿನ ಗೋಡೆಗಳ ಮೇಲೆ ತಮ್ಮ ಹೆಸರು ಗೀಚಿ ಬರುವುದು ಈ ಕಾಲದ ಕೆಟ್ಟ ಚಾಳಿ ಎಂಬುದು ಸಾಮಾನ್ಯ ಅಭಿಪ್ರಾಯ. ಕೆಟ್ಟ ಚಾಳಿ ಎಂಬುದು ನಿಜ. ಈ ಕಾಲದ್ದು ಎಂಬುದು ಮಾತ್ರ ನಿಜವಲ್ಲ. ಶ್ರೀಲಂಕೆಯ ಸಿಗಿರಿಯಾ ಬಂಡೆಯ ನಡು ಎತ್ತರದಲ್ಲಿ ಒಂದು ಗೋಡೆಯಿದೆ. ಸಾವಿರ, ಸಾವಿರದ ಇನ್ನೂರು ವರ್ಷಗಳ ಹಿಂದೆ ಅಲ್ಲಿಗೆ ಬಂದುಹೋದವರು ಗೀಚಿದ ನೂರಾರು ಬರಹಗಳು ಅದರ ಮೇಲಿವೆ. ಆ ಬರಹಗಳು ಇಂದು ಸಿಂಹಳ ಸಾಹಿತ್ಯದ ಅಮೂಲ್ಯ ನಿಧಿ. ಅದೇ ಗೋಡೆಯ ಮೇಲೆ 2015ರಲ್ಲಿ ತನ್ನ ಹೆಸರು ಗೀಚಿದ ಒಬ್ಬ ಯುವತಿಗೆ ನ್ಯಾಯಾಲಯ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಗೋಡೆ ಒಂದೇ, ಮಾಡಿದ ಕೆಲಸವೂ ಒಂದೇ ಬಗೆಯದು. ಆದರೆ ಒಂದು ಸಾಹಿತ್ಯವಾಯಿತು, ಇನ್ನೊಂದು ಅಪರಾಧವಾಯಿತು. ಹೀಗೇಕೆ ಎಂದು ವಿಚಾರಿಸುತ್ತ ಹೋದರೆ ಪ್ರವಾಸಿಗನಿಗೂ ಇತಿಹಾಸಕ್ಕೂ ಇರುವ ಸಂಬಂಧವೇ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ.

ಶ್ರೀಲಂಕೆಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಹಿಡಿಯುವ ದಾರಿಯೊಂದಿದೆ. ಉತ್ತರದಲ್ಲಿ ಅನುರಾಧಪುರ, ಪೂರ್ವಕ್ಕೆ ಪೊಲನ್ನರುವ, ದಕ್ಷಿಣದ ಬೆಟ್ಟಸಾಲಿನಲ್ಲಿ ಕ್ಯಾಂಡಿ. ಈ ಮೂರೂ ಒಂದು ಕಾಲದ ರಾಜಧಾನಿಗಳು. ಇವುಗಳನ್ನು ಗೆರೆ ಎಳೆದು ಸೇರಿಸಿದರೆ ಮೂಡುವ ಆಕೃತಿಗೆ ‘ಸಾಂಸ್ಕೃತಿಕ ತ್ರಿಕೋನ’ ಎಂದು ಹೆಸರು. 1980ರಲ್ಲಿ ಯುನೆಸ್ಕೊ ನೆರವಿನೊಂದಿಗೆ ಇಲ್ಲಿನ ಸ್ಮಾರಕಗಳ ಉತ್ಖನನ ಮತ್ತು ಸಂರಕ್ಷಣೆಯ ದೊಡ್ಡ ಯೋಜನೆ ಆರಂಭವಾಯಿತು. ಈ ತ್ರಿಕೋನದ ಒಳಗೆ, ದಂಬುಲ್ಲದ ಗುಹಾದೇಗುಲಗಳಿಗೆ ಸಮೀಪದಲ್ಲಿ, ಬಯಲಿನ ಕಾಡಿನ ನಡುವೆ ಒಮ್ಮೆಲೇ ಸುಮಾರು 180 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತ ಹೆಬ್ಬಂಡೆಯೇ ಸಿಗಿರಿಯಾ.

ತಂದೆಯನ್ನು ಕೊಂದ ಮಗನ ಕೋಟೆ

ಸಿಗಿರಿಯಾದ ಕಥೆಯನ್ನು ಹೇಳುವುದು ‘ಚೂಳವಂಶ’ ಎಂಬ ಪಾಲಿ ಭಾಷೆಯ ರಾಜಚರಿತ್ರೆ. ಅನುರಾಧಪುರದ ರಾಜ ಧಾತುಸೇನ ಕೆರೆಗಳನ್ನು ಕಟ್ಟಿಸಿ ಹೆಸರಾದವನು. ಅವನ ಮಗ ಕಾಶ್ಯಪ ಕ್ರಿ.ಶ. 477ರಲ್ಲಿ ತಂದೆಯನ್ನು ಸೆರೆಹಿಡಿದು ಸಿಂಹಾಸನ ಕಿತ್ತುಕೊಂಡ. ಬಚ್ಚಿಟ್ಟ ಸಂಪತ್ತು ಎಲ್ಲಿದೆ ಎಂದು ಪೀಡಿಸಿದಾಗ ಮುದಿ ರಾಜ ತಾನು ಕಟ್ಟಿಸಿದ ಕಲಾವೆವ ಕೆರೆಯ ಬಳಿಗೆ ಹೋಗಿ, ನೀರನ್ನು ಬೊಗಸೆಯಲ್ಲಿ ಎತ್ತಿ ತೋರಿಸಿ, ತನ್ನ ಸಂಪತ್ತೆಲ್ಲ ಇದೇ ಎಂದನಂತೆ. ಕೊನೆಗೆ ಅವನ ಕೊಲೆಯಾಯಿತು. ಪಟ್ಟಕ್ಕೆ ಹಕ್ಕುದಾರನಾಗಿದ್ದ ಇನ್ನೊಬ್ಬ ಮಗ ಮೊಗ್ಗಲ್ಲಾನ ಭಾರತಕ್ಕೆ ಓಡಿಹೋದ. ತಮ್ಮ ಸೈನ್ಯದೊಂದಿಗೆ ಮರಳಿಬರುವನೆಂಬ ಭಯದಿಂದ ಕಾಶ್ಯಪ ಅನುರಾಧಪುರವನ್ನು ಬಿಟ್ಟು ಈ ಬಂಡೆಯ ಮೇಲೆ ಅರಮನೆ ಕಟ್ಟಿಸಿದನೆಂದು ಚೂಳವಂಶ ಹೇಳುತ್ತದೆ.

ಭಯದಿಂದ ಕಟ್ಟಿಸಿದ ಕೋಟೆಯಾದರೂ ಅದರಲ್ಲಿ ವೈಭವಕ್ಕೆ ಕೊರತೆಯಿರಲಿಲ್ಲ. ಬಂಡೆಯ ಬುಡದಲ್ಲಿ ಅಳತೆ ಹಿಡಿದು ರೂಪಿಸಿದ ಜಲೋದ್ಯಾನಗಳಿವೆ. ನೆಲದೊಳಗಿನ ಕಾಲುವೆಗಳ ನೀರಿನ ಒತ್ತಡದಿಂದ ಚಿಮ್ಮುವ ಅಲ್ಲಿನ ಕಾರಂಜಿಗಳು ಮಳೆಗಾಲದಲ್ಲಿ ಇಂದಿಗೂ ಜೀವ ತಳೆಯುತ್ತವೆ. ಮೇಲಕ್ಕೆ ಏರುವ ದಾರಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಒಂದು ಬೃಹತ್ ಸಿಂಹವಿತ್ತು. ಅದರ ದೇಹದ ಮೂಲಕವೇ ಮೆಟ್ಟಿಲುಗಳು ಹಾದುಹೋಗುತ್ತಿದ್ದವು. ‘ಸಿಂಹಗಿರಿ’ ಎಂಬ ಹೆಸರು ಬಂದದ್ದು ಇದರಿಂದಲೇ. ಇಂದು ಉಳಿದಿರುವುದು ಸಿಂಹದ ಎರಡು ಪಂಜಗಳು ಮಾತ್ರ. ಬಂಡೆಯ ನೆತ್ತಿಯ ಮೇಲೆ ಸುಮಾರು ಒಂದೂವರೆ ಹೆಕ್ಟೇರ್ ಜಾಗದಲ್ಲಿ ಅರಮನೆಯ ಅಡಿಪಾಯ, ಕೊಳಗಳು ಕಾಣುತ್ತವೆ.

ಈ ವೈಭವ ನಡೆದದ್ದು ಹದಿನೆಂಟು ವರ್ಷ. 495ರಲ್ಲಿ ಮೊಗ್ಗಲ್ಲಾನ ಮರಳಿಬಂದ. ಯುದ್ಧದಲ್ಲಿ ಕಾಶ್ಯಪನ ಆನೆ ಎದುರಿಗಿದ್ದ ಜವುಗು ನೆಲವನ್ನು ಕಂಡು ಪಕ್ಕಕ್ಕೆ ಹೊರಳಿತು. ರಾಜ ಹಿಮ್ಮೆಟ್ಟಿದನೆಂದು ಬಗೆದ ಸೈನ್ಯ ಚದುರಿತು. ಕಾಶ್ಯಪ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಗೆದ್ದ ತಮ್ಮ ರಾಜಧಾನಿಯನ್ನು ಅನುರಾಧಪುರಕ್ಕೆ ಮರಳಿಸಿ, ಬಂಡೆಯನ್ನು ಬೌದ್ಧ ಭಿಕ್ಷುಗಳಿಗೆ ಒಪ್ಪಿಸಿದ.

ಅರಮನೆ ಬರಿದಾದ ಮೇಲೆ ಸಿಗಿರಿಯಾ ನೋಡುವವರ ತಾಣವಾಯಿತು. ದ್ವೀಪದ ನಾನಾ ಭಾಗಗಳಿಂದ ಜನ ಬರತೊಡಗಿದರು. ಅವರ ಕಣ್ಣು ಸೆಳೆದದ್ದು ಬಂಡೆಯ ಪಾರ್ಶ್ವದ ಮೇಲೆ ಬರೆದಿದ್ದ ಸುಂದರಿಯರ ವರ್ಣಚಿತ್ರಗಳು. ಮೋಡಗಳ ನಡುವಿನಿಂದ ಸೊಂಟದವರೆಗೆ ಮಾತ್ರ ಮೂಡಿಬಂದಂತಿರುವ, ಕೈಯಲ್ಲಿ ಹೂ ಹಿಡಿದ ಈ ಸ್ತ್ರೀಯರು ಯಾರು? ಪೂಜೆಗೆ ಹೊರಟ ಅಂತಃಪುರದ ಹೆಂಗಸರು ಎಂದರು ಪುರಾತತ್ವ ಇಲಾಖೆಯ ಮೊದಲ ಮುಖ್ಯಸ್ಥ ಎಚ್.ಸಿ.ಪಿ. ಬೆಲ್. ಅಪ್ಸರೆಯರು ಎಂದರು ಆನಂದ ಕುಮಾರಸ್ವಾಮಿ. ಮೇಘಕನ್ಯೆಯರು ಮತ್ತು ಮಿಂಚಿನ ಕುವರಿಯರು ಎಂದರು ಸೆನರತ್ ಪರಣವಿತಾನ. ಹಳೆಯ ಬರಹವೊಂದು ಇಂಥ ಐನೂರು ಸ್ತ್ರೀಯರ ಮಾತೆತ್ತುತ್ತದೆ. ಇಂದು ಉಳಿದಿರುವುದು ಇಪ್ಪತ್ತರಷ್ಟು ಮಾತ್ರ.

ಗೋಡೆಯೇ ಕವಿತೆಯ ಹೊತ್ತಿಗೆ

ಚಿತ್ರಗಳ ಕೆಳಗೆ ಬಂಡೆಯ ಅಂಚಿನಲ್ಲಿ ಒಂದು ಕಾಲುದಾರಿ. ನಡೆಯುವವರು ಕೆಳಕ್ಕೆ ಬೀಳದಂತೆ ದಾರಿಯ ಹೊರಬದಿಗೆ ಇಟ್ಟಿಗೆಯ ಗೋಡೆ. ಅದರ ಒಳಮೈಗೆ ಸುಣ್ಣದ ಗಾರೆ ಬಳಿದು ಪ್ರತಿಬಿಂಬ ಕಾಣುವಷ್ಟು ನುಣುಪಾಗಿ ಉಜ್ಜಲಾಗಿತ್ತು. ‘ಕನ್ನಡಿ ಗೋಡೆ’ ಎಂಬ ಹೆಸರು ಬಂದದ್ದು ಅದಕ್ಕೇ. ಮೇಲೆ ಮೋಹಕ ಚಿತ್ರ, ಪಕ್ಕದಲ್ಲಿ ನುಣುಪಾದ ಗೋಡೆ. ಬಂದವರಿಗೆ ಕೈ ತುರಿಸದೆ ಇರಲು ಸಾಧ್ಯವಾಗಲಿಲ್ಲ. ಚೂಪಾದ ಮೊನೆಯಿಂದ ಅವರು ಗೋಡೆಯ ಮೇಲೆ ಪುಟ್ಟ ಪುಟ್ಟ ಅಕ್ಷರಗಳಲ್ಲಿ ಬರೆದರು. ಬರೆದದ್ದು ಬರೀ ಹೆಸರಲ್ಲ, ಪದ್ಯ.

ಪರಣವಿತಾನರು ವರ್ಷಗಟ್ಟಲೆ ಶ್ರಮಿಸಿ ಇಂಥ 685 ಪದ್ಯಗಳನ್ನು ಓದಿ, 1956ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅನಂತರವೂ ನೂರಾರು ಪದ್ಯಗಳು ಬೆಳಕಿಗೆ ಬಂದಿವೆ. ಅಕ್ಷರಗಳ ರೂಪ ನೋಡಿ ಇವುಗಳಲ್ಲಿ ಹೆಚ್ಚಿನವು ಕ್ರಿ.ಶ. 8ರಿಂದ 10ನೆಯ ಶತಮಾನದವೆಂದು ನಿರ್ಧರಿಸಲಾಗಿದೆ. ಬರೆದವರಲ್ಲಿ ರಾಜಮನೆತನದವರಿದ್ದಾರೆ, ಭಿಕ್ಷುಗಳಿದ್ದಾರೆ, ಅಧಿಕಾರಿಗಳಿದ್ದಾರೆ, ಸಾಮಾನ್ಯರಿದ್ದಾರೆ. ಹೆಂಗಸರೂ ಇದ್ದಾರೆ. ತಾನು ಯಾರು, ಯಾವ ಊರಿನವನು ಎಂದು ಹೇಳಿಕೊಂಡು, ಕಂಡದ್ದನ್ನು ಹೊಗಳಿ, ಚಿತ್ರದ ಹೆಣ್ಣು ತನ್ನೊಡನೆ ಮಾತನಾಡಲಿಲ್ಲವೆಂದು ಕೊರಗುವುದು ಹಲವು ಪದ್ಯಗಳ ರೀತಿ. ಒಬ್ಬನಂತೂ, ಬಂದವರೆಲ್ಲ ಪದ್ಯ ಬರೆದಿದ್ದಾರಾದ್ದರಿಂದ ತಾನು ಬರೆಯಲಿಲ್ಲ ಎಂಬುದನ್ನೇ ಗೋಡೆಯ ಮೇಲೆ ಬರೆದು ಹೋಗಿದ್ದಾನೆ!

ಈ ಪದ್ಯಗಳ ಕಾಲ ಕನ್ನಡಿಗರಿಗೆ ಅಪರಿಚಿತವೇನಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ದಂಡಿಯ ‘ಕಾವ್ಯಾದರ್ಶ’ವನ್ನು ಆಧಾರವಾಗಿಟ್ಟುಕೊಂಡು ‘ಕವಿರಾಜಮಾರ್ಗ’ ರಚಿತವಾಯಿತು. ಸರಿಸುಮಾರು ಅದೇ ಕಾಲದಲ್ಲಿ ಅದೇ ಕಾವ್ಯಾದರ್ಶವನ್ನು ಅನುಸರಿಸಿ ಸಿಂಹಳದಲ್ಲಿ ‘ಸಿಯಬಸ್‌ಲಕರ’ ಎಂಬ ಲಕ್ಷಣಗ್ರಂಥ ಹುಟ್ಟಿತು. ಕಾವ್ಯ ಹೇಗಿರಬೇಕೆಂದು ಪಂಡಿತರು ನಿಯಮ ಹೇಳುತ್ತಿದ್ದ ದಿನಗಳಲ್ಲೇ ಜನಸಾಮಾನ್ಯರು ಬಂಡೆ ಹತ್ತಿ ಕಾವ್ಯ ಬರೆಯುತ್ತಿದ್ದರು. ಆ ಕಾಲದ ಸಿಂಹಳ ಪದ್ಯಗಳು ಈ ಪ್ರಮಾಣದಲ್ಲಿ ಬೇರೆಲ್ಲಿಯೂ ಉಳಿದುಬಂದಿಲ್ಲ. ಸಿಂಹಳ ಲಿಪಿ ಬೆಳೆದುಬಂದ ಬಗೆಯನ್ನೂ ಭಾಷೆ ಬದಲಾದ ರೀತಿಯನ್ನೂ ತಿಳಿಯಲು ವಿದ್ವಾಂಸರು ಈ ಗೋಡೆಯ ಮುಂದೆ ನಿಲ್ಲಲೇಬೇಕು.

ಇಂಥದ್ದೇ ಒಂದು ಸಂಗತಿ ಕರ್ನಾಟಕದಲ್ಲೂ ಉಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲಿನ ಶಾಸನಗಳಲ್ಲಿ ಅನೇಕವು ಯಾತ್ರಿಕರ ಹೆಸರುಗಳಷ್ಟೇ. ಅಲ್ಲಿರುವ ‘ಕವಿರತ್ನ’ ಎಂಬ ಬರಹವನ್ನು ರನ್ನಕವಿಯ ಹಸ್ತಾಕ್ಷರವೆಂದೇ ಹಲವರು ಭಾವಿಸಿದ್ದಾರೆ. ಅಂದರೆ ಬಂದುಹೋದ ಗುರುತನ್ನು ಕಲ್ಲಿನ ಮೇಲೆ ಬಿಡುವ ಆಸೆಗೆ ದೊಡ್ಡವರು, ಚಿಕ್ಕವರು ಎಂಬ ಭೇದವಿರಲಿಲ್ಲ.

ಅಂದಿನ ಗೀರು, ಇಂದಿನ ಗೀರು

ಹಾಗಾದರೆ ಇಂದಿನ ಪ್ರವಾಸಿ ಬರೆದರೆ ತಪ್ಪೇನು? ಸಾವಿರ ವರ್ಷಗಳ ನಂತರ ಅದೂ ಶಾಸನವಾಗಲಾರದೇ?

ಪ್ರಶ್ನೆಯಲ್ಲಿ ತುಂಟತನವಿದ್ದರೂ ಉತ್ತರ ಗಂಭೀರವಾದದ್ದು. ಅಂದು ಬರೆದವರು ಖಾಲಿಯಾಗಿದ್ದ ಗಾರೆಯ ಮೇಲೆ ಬರೆದರು. ಈಗ ಗೋಡೆ ತುಂಬಿಹೋಗಿದೆ. ಹಳೆಯ ಗೀರುಗಳು ಎಷ್ಟು ಸೂಕ್ಷ್ಮವೆಂದರೆ ಓರೆಯಾಗಿ ಬೆಳಕು ಬಿದ್ದರಷ್ಟೇ ಅಕ್ಷರಗಳು ಸರಿಯಾಗಿ ಕಾಣುತ್ತವೆ. ಅವಸರದಲ್ಲಿ ನೋಡುವವನಿಗೆ ಅದು ಖಾಲಿ ಗೋಡೆ. ಅವನು ಅಲ್ಲಿ ತನ್ನ ಹೆಸರನ್ನು ಎರಡಂಗುಲದ ಅಕ್ಷರಗಳಲ್ಲಿ ಗೀಚಿದರೆ, ಕೆಳಗೆ ಸಾವಿರ ವರ್ಷ ತಾಳಿಕೊಂಡಿದ್ದ ಒಂದು ಪದ್ಯ ಅಳಿಸಿಹೋಗಬಹುದು. ಅದನ್ನು ಬರೆದವನ ಹೆಸರು ಬೇರೆ ಯಾವ ಗ್ರಂಥದಲ್ಲೂ ಇಲ್ಲ. ಅವನು ಬದುಕಿದ್ದನೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ಆ ಗೀರು. ಒಬ್ಬ ಪ್ರವಾಸಿ ಇನ್ನೊಬ್ಬ ಪ್ರವಾಸಿಯನ್ನು ಅಳಿಸಿಹಾಕಿದಂತೆ.

ಎರಡನೆಯ ಕಾರಣ ಸಂಖ್ಯೆ. ಏಳೆಂಟು ಶತಮಾನಗಳಲ್ಲಿ ಗೋಡೆಯ ಮೇಲೆ ಬಿದ್ದ ಬರಹಗಳು ಸಾವಿರ, ಎರಡು ಸಾವಿರದೊಳಗಿನ ಲೆಕ್ಕದವು. 2018ರ ಒಂದೇ ವರ್ಷದಲ್ಲಿ ಶ್ರೀಲಂಕೆಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 23 ಲಕ್ಷ. ಸ್ವದೇಶಿ ಯಾತ್ರಿಕರು, ಶಾಲಾಮಕ್ಕಳು ಬೇರೆ. ಇವರಲ್ಲಿ ನೂರಕ್ಕೊಬ್ಬರು ಕೈ ಚಾಚಿದರೂ ಗೋಡೆ ಉಳಿಯುವುದಿಲ್ಲ.

ಕೈ ಚಾಚಿದವರು ಇಲ್ಲದೆಯೂ ಇಲ್ಲ. 1967ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳು ರಾತ್ರಿ ವೇಳೆ ಚಿತ್ರಗಳ ಮೇಲೆ ಹಸಿರು ಬಣ್ಣ ಎರಚಿ, ಕೆಲವನ್ನು ಕೆತ್ತಿಹಾಕಿದರು. ಇಟಲಿಯ ತಜ್ಞ ಲುಚಿಯಾನೊ ಮರಾಂಜಿ ಅವರನ್ನು ಕರೆಸಿ ಚಿತ್ರಗಳನ್ನು ಬಹುಮಟ್ಟಿಗೆ ಉಳಿಸಿಕೊಳ್ಳಲಾಯಿತು. 2015ರ ಯುವತಿಯ ಪ್ರಕರಣ ಇದಕ್ಕಿಂತ ಬೇರೆ. ಅಲ್ಲಿ ದ್ವೇಷವಿರಲಿಲ್ಲ, ಹೆಸರು ಬರೆಯುವ ಚಪಲವಿತ್ತು. ಶಿಕ್ಷೆ ತೀರ ಕಠಿಣವಾಯಿತೆಂದು ದೇಶದಲ್ಲಿ ಚರ್ಚೆ ಎದ್ದು, ಕೆಲವೇ ವಾರಗಳಲ್ಲಿ ರಾಷ್ಟ್ರಾಧ್ಯಕ್ಷರು ಕ್ಷಮಾದಾನ ನೀಡಿದರು. ಗೋಡೆಗೆ ರಕ್ಷಣೆ ಬೇಕು ಎಂಬುದೂ ಸರಿ. ಒಂದು ಗೀರಿಗಾಗಿ ಎಳೆಯ ಜೀವವೊಂದು ಎರಡು ವರ್ಷ ಸೆರೆಯಲ್ಲಿ ಕೊಳೆಯಬಾರದು ಎಂಬುದೂ ಸರಿ. ಎರಡನ್ನೂ ಒಟ್ಟಿಗೆ ಸಾಧಿಸಬೇಕಾದರೆ ಕಾವಲುಗಾರನೊಬ್ಬನಿಂದ ಆಗದು. ಗೋಡೆಯ ಮೇಲೆ ಏನಿದೆ ಎಂಬುದು ನೋಡಲು ಬಂದವರಿಗೆ ಮೊದಲೇ ತಿಳಿದಿರಬೇಕು.

ಬರೆಯದೆಯೂ ಉಳಿಯುವ ಗುರುತು

ಪ್ರವಾಸಿ ಬಿಟ್ಟುಹೋಗುವ ಗುರುತು ಗೀರೊಂದೇ ಅಲ್ಲ. ಅವನು ಕೊಡುವ ದುಡ್ಡೂ ಒಂದು ಗುರುತು. ಸಂರಕ್ಷಣೆಗೆಂದು 1980ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಂಸ್ಕೃತಿಕ ನಿಧಿಗೆ ಟಿಕೆಟ್ ಹಣವೇ ಮುಖ್ಯ ಆಧಾರ. ಅಂತರ್ಯುದ್ಧದ ವರ್ಷಗಳಲ್ಲಿ, 1998ರಲ್ಲಿ ಕ್ಯಾಂಡಿಯ ದಂತಧಾತು ಮಂದಿರದ ಮೇಲೆ ಬಾಂಬ್ ದಾಳಿಯಾದಾಗ, 2019ರ ಈಸ್ಟರ್ ದಿನದ ಸ್ಫೋಟಗಳ ನಂತರ, ಅನಂತರದ ಕೊರೊನಾ ಮತ್ತು 2022ರ ಆರ್ಥಿಕ ಕುಸಿತದಲ್ಲಿ ಪ್ರವಾಸಿಗರು ಬಾರದೆ ಹೋದಾಗ ನಷ್ಟವಾದದ್ದು ಹೋಟೆಲಿನವರಿಗೆ ಮಾತ್ರವಲ್ಲ. ಸ್ಮಾರಕಗಳ ನಿತ್ಯದ ಆರೈಕೆಗೂ ದುಡ್ಡು ಬರುವ ದಾರಿ ಬತ್ತಿತು. ಸಿಗಿರಿಯಾಕ್ಕೆ ಪ್ರವಾಸಿ ಭಾರವೂ ಹೌದು, ಅನ್ನದಾತನೂ ಹೌದು.

ಬಂಡೆ, ಗೋಡೆಗಳ ಮಾತು ಹೀಗಾದರೆ, ಜನ ವಾಸವಾಗಿರುವ ಪಾರಂಪರಿಕ ಊರುಗಳ ಕಥೆ ಇನ್ನೂ ಜಟಿಲ. ದಕ್ಷಿಣ ತೀರದ ಗಾಲೆ ಕೋಟೆಯನ್ನು ನೋಡಬಹುದು. 1640ರಲ್ಲಿ ಪೋರ್ಚುಗೀಸರಿಂದ ಡಚ್ಚರ ವಶವಾಗಿ, ಅವರಿಂದ ಭದ್ರವಾಗಿ ಬೆಳೆದು, 1796ರಲ್ಲಿ ಬ್ರಿಟಿಷರ ಕೈಸೇರಿದ ಊರಿದು. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಕೋಟೆಯ ಹೊರಗಿನ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಕೊಚ್ಚಿಹೋದವು. ದಪ್ಪ ಗೋಡೆಗಳ ಮರೆಯಲ್ಲಿದ್ದ ಒಳಊರು ಬಹುಮಟ್ಟಿಗೆ ಉಳಿಯಿತು. ಕಡಲನ್ನು ತಡೆದ ಗೋಡೆಗೆ ಮಾರುಕಟ್ಟೆಯನ್ನು ತಡೆಯುವುದು ಸುಲಭವಾಗಿಲ್ಲ. ಒಳಗಿನ ಹಳೆಯ ಮನೆಗಳಲ್ಲಿ ಹಲವು ಹೊರಗಿನವರಿಗೆ ಮಾರಾಟವಾಗಿ ವಸತಿಗೃಹ, ಉಪಾಹಾರ ಮಂದಿರ, ಅಂಗಡಿಗಳಾಗಿವೆ. ಕಟ್ಟಡ ಹಾಗೆಯೇ ಉಳಿಯಿತು. ಅದರೊಳಗೆ ತಲೆಮಾರುಗಳಿಂದ ಬದುಕಿದ ಸಂಸಾರ ಹೊರಟುಹೋಯಿತು. ಇದನ್ನು ಸಂರಕ್ಷಣೆ ಎನ್ನಬೇಕೋ ನಷ್ಟ ಎನ್ನಬೇಕೋ ಎಂಬುದಕ್ಕೆ ಯಾವ ಪಟ್ಟಿಯೂ ಉತ್ತರ ಕೊಡುವುದಿಲ್ಲ.

ಕ್ಯಾಂಡಿಯಲ್ಲಿ ಬೇರೊಂದು ಪಾಠವಿದೆ. ದಂತಧಾತು ಮಂದಿರಕ್ಕೆ ಬಿಳಿಯ ಬಟ್ಟೆಯುಟ್ಟು ಹೂವಿನ ತಟ್ಟೆ ಹಿಡಿದು ಬರುವ ಭಕ್ತೆಯೂ ಕ್ಯಾಮೆರಾ ಹಿಡಿದು ಬರುವ ವಿದೇಶಿಯನೂ ಒಂದೇ ಸಾಲಿನಲ್ಲಿ ನಡೆಯುತ್ತಾರೆ. ಒಬ್ಬರಿಗೆ ಅದು ಪೂಜೆಯ ಹೊತ್ತು, ಇನ್ನೊಬ್ಬರಿಗೆ ನೋಟ. ಚಪ್ಪಲಿ ಹೊರಗೆ ಬಿಡಬೇಕು, ಮೈ ಮುಚ್ಚುವ ಉಡುಪಿರಬೇಕು, ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಚಿತ್ರ ತೆಗೆಸಿಕೊಳ್ಳಬಾರದು ಎಂಬ ನಿಯಮಗಳು ಇರುವುದು ಈ ಇಬ್ಬರೂ ಒಂದೇ ಅಂಗಳದಲ್ಲಿ ಹೊಂದಿಕೊಂಡು ಹೋಗಲಿ ಎಂದೇ.

ಸಿಗಿರಿಯಾದ ಸುಮಾರು 1,200 ಮೆಟ್ಟಿಲುಗಳನ್ನು ಹತ್ತುವವರಿಗೆ ದಾರಿಯಲ್ಲಿ ಎಚ್ಚರಿಕೆಯ ಫಲಕವೊಂದು ಕಾಣಸಿಗುತ್ತದೆ. ಬಂಡೆಯಲ್ಲಿ ಕಣಜಗಳು ಗೂಡು ಕಟ್ಟಿವೆ, ಸದ್ದು ಮಾಡಬೇಡಿ ಎಂಬುದು ಅದರ ಸಾರ. ಕಣಜದ ಭಯಕ್ಕಾದರೂ ಜನ ಅಲ್ಲಿ ಮೆಲ್ಲಗೆ ಮಾತನಾಡುತ್ತಾರೆ. ಕನ್ನಡಿ ಗೋಡೆಯ ಪಕ್ಕದಲ್ಲಿ ಹಾಗೆ ಸದ್ದಿಲ್ಲದೆ ಒಂದು ಗಳಿಗೆ ನಿಂತರೆ, ಬಿಸಿಲು ಓರೆಯಾದಾಗ, ಬರೇ ಗೋಡೆ ಎನಿಸಿದ್ದರ ಮೇಲೆ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಯಾವುದೋ ಊರಿನಿಂದ ನಡೆದು ಬಂದು, ದಣಿದು, ಮೇಲೆ ನೋಡಿ ಬೆರಗಾದವರು ಅವರು. ಆ ಬೆರಗನ್ನು ಅವರು ಆಗಲೇ ಬರೆದಿಟ್ಟಿದ್ದಾರೆ. ಇನ್ನು ಬರುವವರ ಪಾಲಿಗೆ ಉಳಿದಿರುವುದು ಓದುವ ಕೆಲಸ, ಮತ್ತು ಮುಂದೆ ಬರುವವರೂ ಓದುವಂತೆ ಗೋಡೆಯನ್ನು ಬಿಟ್ಟುಹೋಗುವ ಕೆಲಸ.