ಒಂದು ಕಾಡು, ನಾಲ್ಕು ಸಾಕ್ಷಿ

ಜಪಾನಿನ ಅಕಿರ ಕುರೊಸಾವ 1950ರಲ್ಲಿ ‘ರಶೋಮನ್’ ಚಿತ್ರ ಮಾಡಿದರು. ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುನ್ನತ ಪ್ರಶಸ್ತಿ ಬಂದಿತು. ನಮ್ಮಲ್ಲಿ ಇಂಥ ಚಿತ್ರಗಳು ನಗರಗಳಲ್ಲಿಯೇ ಉಳಿಯಲಿಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿದರು.

‘ರಶೋಮನ್’ ಕಥೆ ಸರಳ. ಕಾಡಿನಲ್ಲಿ ಒಬ್ಬ ಯೋಧ ಸತ್ತಿದ್ದಾನೆ. ದರೋಡೆಕೋರ, ಯೋಧನ ಹೆಂಡತಿ, ಮೈಮೇಲೆ ಬಂದು ನುಡಿಯುವ ಸತ್ತವನ ಆತ್ಮ, ಸೌದೆ ಕಡಿಯುವವ – ನಾಲ್ವರದೂ ನಾಲ್ಕು ಹೇಳಿಕೆ. ಸೌದೆಯವನೂ ಒಂದು ಕಠಾರಿಯ ವಿಷಯ ಮುಚ್ಚಿಟ್ಟಿರುತ್ತಾನೆ.

ಚಾಮರಾಜನಗರ, ಗುಂಡ್ಲುಪೇಟೆಯ ಕಾಡಂಚಿನ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ರಾತ್ರಿ ಆನೆ ಹೊಲಕ್ಕೆ ನುಗ್ಗಿತೆನ್ನಿ. ಬೆಳೆ ಕಳೆದುಕೊಂಡ ರೈತ, ಅರಣ್ಯದ ಕಾವಲುಗಾರ, ಪಕ್ಕದ ಹೊಲದವ ಹೇಳುವುದು ಒಂದೇ ಆಗಿರದು. ಆದರೆ ಕಡತದಲ್ಲಿ ಉಳಿಯುವುದು ಯಾರ ಮಾತು? ರೈತನ ಪರಿಹಾರ ನಿಂತಿರುವುದು ಅದರ ಮೇಲೆ.

ಇತಿಹಾಸವೂ ಹೀಗೆಯೇ. ಸತ್ಯವೇ ಇಲ್ಲವೆಂದಲ್ಲ. ವಿಜ್ಞಾನದಲ್ಲಿ ಒಂದೇ ಅಳತೆಯನ್ನು ನೆಚ್ಚುವುದಿಲ್ಲ, ಮತ್ತೆ ಅಳೆಯುತ್ತೇವೆ. ಹಾಗೆಯೇ ಪಾಠ ಓದುವಾಗ ಕೇಳಿ: ಇದನ್ನು ಹೇಳಿದವರು ಯಾರು? ಯಾರನ್ನು ಕೇಳಲೇ ಇಲ್ಲ?